ಕೇಳುಗರ ಪಟ್ಟಿ

ನಮ್ಮ ಸಂಘದ ಈ ಮಾಸಪತ್ರಿಕೆಗೆ ತಿಂಗಳು ತಿಂಗಳೂ ಕಾಗದ ಸುತ್ತಿ, ವಿಳಾಸ ಅಂಟಿಸಿ, ಅಂಚೆಗೆ ಹಾಕುವ ಕೆಲಸದಲ್ಲಿ ನಾನೂ ಒಂದು ಕೈ ಸೇರಿಸುವುದುಂಟು. ಕಳೆದ ತಿಂಗಳು ಹಾಗೆ ಹೋದ ಪ್ರತಿಗಳಲ್ಲಿ ಒಂದು ಹಿಂದಿರುಗಿ ಬಂದಿತು. ಅದರ ಮೇಲೆ ಅಂಚೆಯವನು, ವಿಳಾಸದಾರರು ತೀರಿಕೊಂಡು ಎರಡು ವರ್ಷವಾಯಿತೆಂದೂ, ಮನೆಗೆ ಬೀಗ ಹಾಕಿದೆಯೆಂದೂ, ಇಷ್ಟು ದಿನವೂ ಬಾಗಿಲ ಸಂದಿಯಿಂದ ಒಳಕ್ಕೆ ತಳ್ಳುತ್ತಿದ್ದುದಾಗಿಯೂ, ಈಗ ತಳ್ಳಿದರೂ ಒಳಕ್ಕೆ ಹೋಗದಿರುವುದರಿಂದ ಹಿಂದಕ್ಕೆ ಕಳುಹಿಸಿರುವುದಾಗಿಯೂ ಬರೆದಿದ್ದನು. ಆ ಮಹನೀಯರು ನಮ್ಮ ಆಜೀವ ಚಂದಾದಾರರು. ವರ್ಷ ವರ್ಷ ಚಂದಾ ಕಟ್ಟುವವರಾಗಿದ್ದರೆ, ಕಟ್ಟದೆ ನಿಂತ ವರ್ಷ ನಮಗೆ ಸಂದೇಹ ಬರುತ್ತಿದ್ದಿತು. ಆಜೀವ ಚಂದಾದಾರರ ಜೀವವು ಮುಗಿದ ಸಂಗತಿಯನ್ನು ಪಟ್ಟಿಗೆ ತಿಳಿಸುವವರು ಯಾರು? ಪಟ್ಟಿಯಲ್ಲಿ ಹೆಸರಿದ್ದಿತು, ಪತ್ರಿಕೆ ಹೋಗುತ್ತಿದ್ದಿತು. ಕತ್ತಲ ಮನೆಯೊಳಗೆ ಇಪ್ಪತ್ತನಾಲ್ಕು ಸಂಚಿಕೆಗಳು ಓದುವವರಿಲ್ಲದೆ ಒಂದರ ಮೇಲೊಂದು ಬಿದ್ದಿದ್ದುವು.

ಸಂಪಾದಕರು ಆ ಪ್ರತಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆನು. ಆದರೆ ನನ್ನ ಮನಸ್ಸು ಬೇರೊಂದು ಪಟ್ಟಿಯ ಕಡೆಗೆ, ಇಪ್ಪತ್ತು ವರ್ಷಕ್ಕೂ ಹಿಂದಿನ ಬೇರೊಂದು ಊರಿನ ಕಡೆಗೆ ಓಡಿತು. ಆ ಸಂಗತಿಯನ್ನು ಇದುವರೆಗೆ ನಾನು ಎಲ್ಲಿಯೂ ಬರೆದವನಲ್ಲ. ಬರೆಯತಕ್ಕ ಕಾಲ ಬಂದಿದೆಯೆಂದು ತೋರುತ್ತದೆ.

ವೃತ್ತಿಯಿಂದ ನಾನು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವನು. ಸಾಹಿತ್ಯಪತ್ರಿಕೆಯಲ್ಲಿ ಯಂತ್ರದ ಮಾತೇಕೆ ಎಂದು ವಾಚಕರು ಬೇಸರಪಡಬಾರದು. ಯಂತ್ರಕ್ಕೆ ಆಜ್ಞೆ ಬರೆಯುವವನೂ ಬರೆಯುವವನೇ. ಅವನ ತಪ್ಪೂ ಓದುಗರಿಗೇ ತಟ್ಟುತ್ತದೆ. ಎಷ್ಟು ಗಟ್ಟಿಯಾಗಿ ತಟ್ಟುತ್ತದೆಂಬುದನ್ನು ಹೇಳುವುದಕ್ಕೆ ಮೊದಲು ವಿಷಯದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕಾಗಿದೆ.

ಕಂಪ್ಯೂಟರಿನ ಪರದೆಯ ಮೇಲೆ ಕಿಟಕಿಗಳಿರುವುದನ್ನೂ, ಕಿಟಕಿಗಳಲ್ಲಿ ಒತ್ತುವ ಗುಂಡಿಗಳಿರುವುದನ್ನೂ ಎಲ್ಲರೂ ಬಲ್ಲರು. ಗುಂಡಿಯನ್ನು ಒತ್ತಿದೊಡನೆ ಏನೋ ಒಂದು ಕೆಲಸ ನಡೆಯುತ್ತದೆ. ಈ ಏನೋ ಒಂದು ನಡೆಯುವ ಬಗೆ ಹೇಗೆ? ಮನೆಯಲ್ಲಿ ಒಂದು ಮುಖ್ಯವಾದ ಕಾಗದ ಬರಬೇಕಾಗಿದೆಯೆನ್ನಿ. ಗಳಿಗೆಗೊಮ್ಮೆ ಅಂಚೆಯ ಕಚೇರಿಗೆ ಹೋಗಿ, ‘ಬಂದಿತೆ? ಬಂದಿತೆ?’ ಎಂದು ಕೇಳುವುದು ಒಂದು ರೀತಿ. ಹೋಗುವವನಿಗೂ ಆಯಾಸ, ಅಂಚೆಯವರಿಗೂ ಬೇಸರ. ವಿಳಾಸವನ್ನು ಕೊಟ್ಟು, ‘ಬಂದಾಗ ತಲಪಿಸಿರಿ’ ಎಂದು ಹೇಳಿ ಮನೆಯಲ್ಲಿ ತನ್ನ ಕೆಲಸ ನೋಡಿಕೊಳ್ಳುವುದು ಇನ್ನೊಂದು ರೀತಿ. ಪರದೆಯ ಪ್ರೋಗ್ರಾಮುಗಳು ಈ ಎರಡನೆಯ ರೀತಿಯನ್ನು ಹಿಡಿದಿವೆ. ಗುಂಡಿ ಒತ್ತಲ್ಪಟ್ಟಿತೆಂಬುದು ಒಂದು ಘಟನೆ. ಆ ಘಟನೆಯನ್ನು ತನಗೆ ತಿಳಿಸಬೇಕೆಂದು ಮೊದಲೇ ಹೆಸರು ಬರೆಸಿದವನು ಕೇಳುಗ. ನಮ್ಮವರ ಭಾಷೆಯಲ್ಲಿ ಲಿಸನರ್. ಪ್ರತಿಯೊಂದು ಗುಂಡಿಯೂ ತನ್ನ ಹತ್ತಿರ ಕೇಳುಗರ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತದೆ. ಒತ್ತಿದಾಗ ಪಟ್ಟಿಯಲ್ಲಿರುವ ಒಬ್ಬೊಬ್ಬರನ್ನೂ ಕರೆದು ಹೇಳುತ್ತದೆ. ಕೇಳಿದವರು ಏನು ಮಾಡುವರೆಂಬುದು ಗುಂಡಿಗೆ ಬೇಕಾಗಿಲ್ಲ. ಇಂಥ ಪ್ರೋಗ್ರಾಮಿನಲ್ಲಿ ಎಲ್ಲವೂ ಬಿಡಿಬಿಡಿಯಾದ ವಸ್ತುಗಳು. ಒಂದೊಂದು ವಸ್ತುವಿಗೂ ತನ್ನದೇ ಪೆಟ್ಟಿಗೆ, ತನ್ನದೇ ಕರ್ತವ್ಯ. ಇನ್ನೊಬ್ಬರ ಪೆಟ್ಟಿಗೆಗೆ ಕೈ ಹಾಕದೆ, ಹೇಳಿ ಕೇಳಿ ಕೆಲಸ ನಡೆಸುವುದೇ ಅವುಗಳ ಸಂಸಾರಧರ್ಮ.

ಈ ಏರ್ಪಾಟು ನಿನ್ನೆ ಮೊನ್ನೆಯದಲ್ಲ. ಅಮೆರಿಕೆಯ ಪಾಲೋ ಆಲ್ಟೋ ನಗರದಲ್ಲಿದ್ದ ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ ಸ್ಮಾಲ್‌ಟಾಕ್ ಎಂಬ ಭಾಷೆ ಬೆಳೆಯಿತು. ಕಿಟಕಿ, ಮೌಸುಗಳಿಂದ ಕೂಡಿದ ಚಿತ್ರಮಯವಾದ ಪರದೆಗೆ ಬಹುಮಟ್ಟಿಗೆ ರೂಪ ಬಂದುದೂ ಅಲ್ಲಿಯೇ. ನಾರ್ವೆ ದೇಶದ ಟ್ರಿಗ್ವೆ ರೀನ್‌ಸ್ಕೌಗ್ ಎಂಬ ವಿದ್ವಾಂಸರು ಅಲ್ಲಿ ಅತಿಥಿಯಾಗಿದ್ದು, ೧೯೭೯ರಲ್ಲಿ ಒಂದು ವಿಭಾಗಕ್ರಮವನ್ನು ಬರೆದಿಟ್ಟರು. ಲೆಕ್ಕವು ಒಂದು ಕಡೆ, ಲೆಕ್ಕವನ್ನು ತೋರಿಸುವ ನೋಟವು ಇನ್ನೊಂದು ಕಡೆ, ಕೈಯ ಆಜ್ಞೆಯನ್ನು ಸ್ವೀಕರಿಸುವ ಭಾಗವು ಮತ್ತೊಂದು ಕಡೆ ಇರತಕ್ಕದ್ದೆಂಬುದು ಅದರ ಸಾರ. ಮುಂದೆ ಸ್ಮಾಲ್‌ಟಾಕ್-೮೦ ಎಂಬ ರೂಪದಲ್ಲಿ ಲೆಕ್ಕದ ವಸ್ತುವು ತನ್ನನ್ನು ಅವಲಂಬಿಸಿದ ನೋಟಗಳ ಪಟ್ಟಿಯೊಂದನ್ನು ಇಟ್ಟುಕೊಳ್ಳುವುದೂ, ತಾನು ಬದಲಾದಾಗ ಅವುಗಳಿಗೆಲ್ಲ ತಿಳಿಸುವುದೂ ರೂಢಿಗೆ ಬಂದಿತು. ೧೯೯೪ರಲ್ಲಿ ಗಾಮಾ, ಹೆಲ್ಮ್, ಜಾನ್ಸನ್, ವ್ಲಿಸ್ಸಿಡೀಸ್ ಎಂಬ ನಾಲ್ವರು ಬರೆದ ‘ಡಿಸೈನ್ ಪ್ಯಾಟರ್ನ್ಸ್’ ಎಂಬ ಗ್ರಂಥವು ಈ ಸಂಬಂಧಕ್ಕೆ ಅಬ್ಸರ್ವರ್, ಅಂದರೆ ವೀಕ್ಷಕ, ಎಂದು ಹೆಸರಿಟ್ಟು ಎಲ್ಲರ ನಾಲಗೆಗೂ ತಂದಿತು.

ನಾನು ಕಲಿತದ್ದು ಜಾವಾ ಭಾಷೆ. ೧೯೯೬ರಲ್ಲಿ ಹೊರಬಿದ್ದ ಅದರ ಮೊದಲನೆಯ ಆವೃತ್ತಿಯಲ್ಲಿ ಕೇಳುಗರೆಂಬವರು ಇರಲಿಲ್ಲ. ಗುಂಡಿಯಲ್ಲಿ ಹುಟ್ಟಿದ ಘಟನೆಯು ಅದನ್ನು ಒಳಗೊಂಡ ಚೌಕಟ್ಟಿಗೆ, ಅಲ್ಲಿಂದ ಅದಕ್ಕೂ ಹೊರಗಿನ ಕಿಟಕಿಗೆ ಹೀಗೆ ಮೇಲೇರುತ್ತಿದ್ದಿತು. ಅಲ್ಲಿ ಯಜಮಾನನು ಕುಳಿತು, ‘ಇದು ಆ ಗುಂಡಿಯೋ, ಈ ಗುಂಡಿಯೋ’ ಎಂದು ಒಂದೊಂದಾಗಿ ವಿಚಾರಿಸಬೇಕಾಗುತ್ತಿದ್ದಿತು. ಒಟ್ಟುಕುಟುಂಬದ ಕಾಗದಗಳೆಲ್ಲವೂ ಹಿರಿಯರ ಕೈಗೇ ಹೋಗಿ, ಅವರು ಒಡೆದು ನೋಡಿ ಹಂಚಿದಂತೆ. ೧೯೯೭ರಲ್ಲಿ ಬಂದ ೧.೧ ಎಂಬ ಆವೃತ್ತಿಯು ಈ ಪದ್ಧತಿಯನ್ನು ಮುರಿದು, ಯಾರಿಗೆ ಬೇಕೋ ಅವರು ನೇರವಾಗಿ ಹೆಸರು ಬರೆಸತಕ್ಕದ್ದೆಂಬ ನಿಯಮವನ್ನು ತಂದಿತು. ಹೆಸರು ಸೇರಿಸುವುದಕ್ಕೆ ‘ಆಡ್ ಆಕ್ಷನ್ ಲಿಸನರ್’ ಎಂಬ ಆಜ್ಞೆ; ತೆಗೆಯುವುದಕ್ಕೆ ‘ರಿಮೂವ್ ಆಕ್ಷನ್ ಲಿಸನರ್’ ಎಂಬ ಆಜ್ಞೆ. ಎರಡನ್ನೂ ಒಂದೇ ದಿನ, ಒಂದೇ ಪುಟದಲ್ಲಿ ಓದಿದೆನು. ಮೊದಲನೆಯದನ್ನು ಮುಂದಿನ ಆರು ವರ್ಷಗಳಲ್ಲಿ ಸಾವಿರ ಸಲ ಬರೆದಿರಬಹುದು. ಎರಡನೆಯದನ್ನು ಒಂದು ಸಲವೂ ಬರೆದ ನೆನಪಿಲ್ಲ.

೨೦೦೩ರಲ್ಲಿ ಒಂದು ತಾಲ್ಲೂಕು ಊರಿನ ಪತ್ತಿನ ಸಹಕಾರ ಸಂಘಕ್ಕೆ ಲೆಕ್ಕದ ಪ್ರೋಗ್ರಾಂ ಬರೆದುಕೊಡುವ ಕೆಲಸ ನನಗೆ ದೊರೆಯಿತು. ಊರಿನ ಹೆಸರೂ ಸಂಘದ ಹೆಸರೂ ಇಲ್ಲಿ ಬೇಡ. ಅಲ್ಲಿ ಹಣದ ಮೇಜಿನಲ್ಲಿ ಕುಳಿತಿದ್ದ ಗುಮಾಸ್ತರು ಹತ್ತೊಂಬತ್ತು ವರ್ಷ ಕೈಬರಹದ ಖಾತೆಯನ್ನು ಬರೆದವರು. ಒಂದು ದಿನವೂ ಸಂಜೆಯ ಎಣಿಕೆಯಲ್ಲಿ ವ್ಯತ್ಯಾಸ ತೋರಿಸಿದವರಲ್ಲ. ಅವರ ಮುಂದಿನಿಂದ ದಪ್ಪ ರಟ್ಟಿನ ಖಾತೆಯ ಪುಸ್ತಕವನ್ನು ತೆಗೆಯಿಸಿ ನನ್ನ ಪರದೆಯನ್ನು ಇಡಿಸಿದಾಗ, ಅವರು ಆ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಬೀರುವಿನಲ್ಲಿಟ್ಟರು. ನನಗೆ ನಗು ಬಂದಿತ್ತು. ವಯಸ್ಸು ಚಿಕ್ಕದು.

ಎರಡು ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು. ಆಮೇಲೆ ಒಂದು ಸಂತೆಯ ದಿನ ಸಂಜೆ, ಯಂತ್ರವು ತೋರಿಸಿದ ಮೊತ್ತಕ್ಕಿಂತ ಪೆಟ್ಟಿಗೆಯಲ್ಲಿ ೮೫೦ ರೂಪಾಯಿ ಕಡಮೆಯಾಯಿತು. ಗುಮಾಸ್ತರು ಮೂರು ಸಲ ಎಣಿಸಿ, ಕೊನೆಗೆ ತಮ್ಮ ಕೈಯಿಂದ ತುಂಬಿದರು. ಮುಂದಿನ ಸಂತೆಯಲ್ಲಿ ೧,೨೦೦ ರೂಪಾಯಿ. ಅದನ್ನೂ ತುಂಬಿದರು. ಮೂರನೆಯ ಸಂತೆಯಲ್ಲಿ ಮತ್ತೆ ಕಡಮೆ; ಮತ್ತೆ ತುಂಬಿದರು. ಮನೆಯಲ್ಲಿ ಹೇಳಿರಲಿಲ್ಲವೆಂದು ಆಮೇಲೆ ನನಗೆ ತಿಳಿಯಿತು. ನಾಲ್ಕನೆಯ ಸಂತೆಯಲ್ಲಿ ೨,೩೫೦ ರೂಪಾಯಿ ಕಡಮೆಯಾದಾಗ ತುಂಬುವುದಕ್ಕೆ ಅವರಲ್ಲಿ ಹಣವಿರಲಿಲ್ಲ. ನಿರ್ದೇಶಕರು ದಿನದ ಪಟ್ಟಿಯನ್ನು ತೆಗೆಯಿಸಿ ನೋಡಿದರು. ಒಬ್ಬೊಬ್ಬ ವ್ಯಾಪಾರಿಯ ಹೆಸರಿನಲ್ಲಿ ಒಂದೇ ಮೊತ್ತವು ಎರಡೆರಡು ಸಾಲಾಗಿ ಬಿದ್ದಿದ್ದಿತು. ಇದರ ಅರ್ಥವು ಅವರಿಗೆ ಸ್ಪಷ್ಟವಾಗಿದ್ದಿತು: ಗುಮಾಸ್ತನು ಎರಡು ಸಲ ಹಣ ಪಡೆದು, ಒಂದನ್ನು ಪೆಟ್ಟಿಗೆಗೂ ಇನ್ನೊಂದನ್ನು ಜೇಬಿಗೂ ಇಳಿಸಿದ್ದಾನೆ. ಸದಸ್ಯರ ಪಾಸುಪುಸ್ತಕಗಳಲ್ಲಿ ಗುಮಾಸ್ತರು ಕೈಯಿಂದ ಬರೆದ ಸಾಲು ಒಂದೇ ಇದ್ದಿತು. ಅದೂ ಅವರಿಗೆ ವಿರೋಧವಾದ ಸಾಕ್ಷ್ಯವೇ ಆಯಿತು. ಕದ್ದವನು ಕದ್ದುದನ್ನು ಬರೆಯುತ್ತಾನೆಯೆ? ಅವರಿಗೆ ನೋಟೀಸು ಕೊಟ್ಟರು.

ಇದಕ್ಕೆ ಮೊದಲು, ಎರಡನೆಯ ಸಂತೆಯ ಮರುದಿನವೇ, ಆ ಗುಮಾಸ್ತರು ನನಗೆ ಟೆಲಿಫೋನು ಮಾಡಿದ್ದರು. “ಸ್ವಾಮಿ, ಆ ಹಣ ಕಟ್ಟುವ ಕಿಟಕಿಯನ್ನು ಮುಚ್ಚಿ ಮತ್ತೆ ತೆರೆದ ಮೇಲೆ ಏನೋ ಆಗುತ್ತದೆಂದು ಕಾಣುತ್ತದೆ. ಒಂದು ಸಲ ದಯಮಾಡಿಸಿ ನೋಡುತ್ತೀರಾ?” ಎಂದು ಕೇಳಿದರು. ನಾನು ಕೊಟ್ಟ ಉತ್ತರವನ್ನು ಮರೆಯಬೇಕೆಂದು ಎಷ್ಟೋ ಪ್ರಯತ್ನಿಸಿದ್ದೇನೆ. “ಯಂತ್ರ ಕೂಡುವುದರಲ್ಲಿ ತಪ್ಪುವುದಿಲ್ಲ, ರಾಯರೆ. ಸಂತೆಯ ಗಲಾಟೆಯಲ್ಲಿ ನಿಮ್ಮ ಎಣಿಕೆ ತಪ್ಪುತ್ತಿರಬಹುದು” ಎಂದೆನು. ಅವರು “ಇರಬಹುದು ಸ್ವಾಮಿ” ಎಂದು ಇಟ್ಟರು.

ನೋಟೀಸಿನ ಸುದ್ದಿ ತಲಪಿದ ವಾರ ನಾನು ಆ ಊರಿಗೆ ಹೋದೆನು. ನನ್ನ ಪ್ರೋಗ್ರಾಂ ನಿರ್ದೋಷವೆಂದು ನಿರ್ದೇಶಕರಿಗೆ ತೋರಿಸುವುದೇ ನನ್ನ ಉದ್ದೇಶವಾಗಿದ್ದಿತು. ಗುಮಾಸ್ತರು ಹೆಚ್ಚು ಮಾತನಾಡಲಿಲ್ಲ. ಮೇಜಿನ ಡ್ರಾಯರಿನಿಂದ ಒಂದು ಚೀಟಿಯನ್ನು ತೆಗೆದು ಮುಂದಿಟ್ಟರು. ನಾಲ್ಕು ಸಂತೆಗಳ ತಾರೀಖು. ಪ್ರತಿಯೊಂದರ ಎದುರಿಗೂ ಕಿಟಕಿಯನ್ನು ಮುಚ್ಚಿದ ಹೊತ್ತು, ತೆರೆದ ಹೊತ್ತು. ಅದರ ಮುಂದೆ ಸಂಜೆಯ ವ್ಯತ್ಯಾಸ. ನಡುವೆ ಬಂದ ಮಾಮೂಲು ದಿನಗಳೂ ಇದ್ದುವು. ಅವುಗಳ ಎದುರಿಗೆ ‘ಮುಚ್ಚಲಿಲ್ಲ’ ಎಂದೂ, ವ್ಯತ್ಯಾಸದ ಜಾಗದಲ್ಲಿ ಸೊನ್ನೆಯೂ ಬರೆದಿದ್ದಿತು. ನಮ್ಮ ವೃತ್ತಿಯಲ್ಲಿ ದೋಷವನ್ನು ವರದಿಮಾಡುವ ಬಗೆಯನ್ನು ಕುರಿತು ಅನೇಕ ಪಾಠಗಳುಂಟು. ಅದಕ್ಕಿಂತ ಉತ್ತಮವಾದ ವರದಿಯನ್ನು ನಾನು ಇಂದಿಗೂ ಕಂಡಿಲ್ಲ.

ನಾನು ಪರೀಕ್ಷೆಯ ಖಾತೆಯೊಂದನ್ನು ತೆರೆದು, ಹತ್ತು ರೂಪಾಯಿ ಬರೆದು, ಗುಂಡಿಯನ್ನು ಒತ್ತಿದೆನು. ಒಂದು ಸಾಲು ಬಿದ್ದಿತು. ಕಿಟಕಿಯನ್ನು ಮುಚ್ಚಿ, ಮತ್ತೆ ತೆರೆದು, ಒಂದೇ ಸಲ ಒತ್ತಿದೆನು. ಎರಡು ಸಾಲು ಬಿದ್ದುವು. ಮತ್ತೆ ಮುಚ್ಚಿ ತೆರೆದು ಒತ್ತಿದೆನು. ಮೂರು ಸಾಲು. ಗುಮಾಸ್ತರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಅವರು ಏನಾದರೂ ಅಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಅವರು ಏನೂ ಅನ್ನಲಿಲ್ಲ.

ನಡೆದುದು ಇಷ್ಟೇ. ಹಣ ಕಟ್ಟುವ ಕಿಟಕಿಯನ್ನು ನಾನು ಒಂದೇ ಸಲ ನಿರ್ಮಿಸಿ, ಮುಚ್ಚಿದಾಗ ಮರೆಮಾಡಿ, ತೆರೆದಾಗ ಮತ್ತೆ ತೋರಿಸುವಂತೆ ಏರ್ಪಡಿಸಿದ್ದೆನು. ಆದರೆ ಗುಂಡಿಯ ಪಟ್ಟಿಯಲ್ಲಿ ಕೇಳುಗನ ಹೆಸರು ಸೇರಿಸುವ ಸಾಲನ್ನು, ನಿರ್ಮಿಸುವ ಕಡೆ ಬರೆಯದೆ, ತೋರಿಸುವ ಕಡೆ ಬರೆದಿದ್ದೆನು. ಆದುದರಿಂದ ಕಿಟಕಿ ಎಷ್ಟು ಸಲ ತೆರೆಯಿತೋ ಅಷ್ಟು ಸಲ ಅದೇ ಕೇಳುಗನ ಹೆಸರು ಪಟ್ಟಿಗೆ ಏರಿತು. ಜಾವಾದ ಗುಂಡಿಯು, ‘ಈ ಹೆಸರು ಆಗಲೇ ಇದೆಯಲ್ಲ?’ ಎಂದು ಕೇಳುವುದಿಲ್ಲ. ಎರಡು ಸಲ ಬರೆಸಿದವನನ್ನು ಎರಡು ಸಲ ಕರೆಯುತ್ತದೆ. ಜಾಲಪುಟಗಳನ್ನು ತೋರಿಸುವ ಬ್ರೌಸರುಗಳ ವಿಷಯದಲ್ಲಿ ೨೦೦೦ದ ನವೆಂಬರಿನಲ್ಲಿ ಹೊರಟ ನಿಯಮವು, ಒಂದೇ ಘಟನೆಗೆ ಅದೇ ಕೇಳುಗನನ್ನು ಅದೇ ರೀತಿಯಲ್ಲಿ ಮತ್ತೆ ಸೇರಿಸಿದರೆ ಅದನ್ನು ಗಣಿಸತಕ್ಕದ್ದಲ್ಲವೆಂದು ವಿಧಿಸಿದೆ. ಜಾವಾದಲ್ಲಿ ಆ ಉಪಕಾರವಿಲ್ಲ. ಲೆಕ್ಕವಿಡುವ ಹೊಣೆಯು ಬರೆಯುವವನದು.

ಮಾಮೂಲು ದಿನಗಳಲ್ಲಿ ಗುಮಾಸ್ತರು ಬೆಳಗ್ಗೆ ಯಂತ್ರವನ್ನು ಹೊತ್ತಿಸಿ ಕಿಟಕಿಯನ್ನು ಒಂದು ಸಲ ತೆರೆದರೆ ಸಂಜೆಯವರೆಗೂ ಮುಚ್ಚುತ್ತಿರಲಿಲ್ಲ. ಸಂತೆಯ ದಿನ ಮಾತ್ರ ಮಧ್ಯಾಹ್ನದ ಹೊತ್ತಿಗೆ ಕಾರ್ಯದರ್ಶಿಗಳು ಬಂದು ಸಾಲದ ಖಾತೆಗಳನ್ನು ನೋಡುತ್ತಿದ್ದರು. ಅವರಿಗಾಗಿ ಹಣದ ಕಿಟಕಿಯನ್ನು ಮುಚ್ಚಿ, ಅವರು ಹೋದ ಮೇಲೆ ತೆರೆಯುತ್ತಿದ್ದರು. ಸಂತೆಯ ವ್ಯಾಪಾರಿಗಳು ಬೆಳಗ್ಗೆ ಸರಕಿಗಾಗಿ ಹಣ ತೆಗೆಯುವವರು, ಸಂಜೆ ಮಾರಿ ಬಂದುದನ್ನು ಕಟ್ಟುವವರು. ಬೆಳಗಿನ ತೆಗೆತಗಳೆಲ್ಲ ಒಂಟಿಯಾಗಿ ಬಿದ್ದು, ಸಂಜೆಯ ಕಟ್ಟುವಿಕೆಗಳೆಲ್ಲ ಜೋಡಿಯಾಗಿ ಬಿದ್ದುವು. ಆದುದರಿಂದಲೇ ವ್ಯತ್ಯಾಸವು ಯಾವಾಗಲೂ ಗುಮಾಸ್ತರ ತಲೆಯ ಮೇಲೆಯೇ ಬಂದಿತು. ಪಾಸುಪುಸ್ತಕದ ಒಂಟಿ ಸಾಲೇ ನಿಜ. ಯಂತ್ರದ ಜೋಡಿ ಸಾಲು ಸುಳ್ಳು. ಎರಡನ್ನೂ ಎದುರುಬದುರಾಗಿಟ್ಟು ನೋಡಿದವರಿಗೂ ಯಂತ್ರವು ಸುಳ್ಳು ಹೇಳಬಹುದೆಂಬ ಶಂಕೆ ಬರಲಿಲ್ಲ. ಆ ಭಕ್ತಿಯನ್ನು ಅವರಲ್ಲಿ ಹುಟ್ಟಿಸಿದವನು ನಾನೇ.

ತಿದ್ದುವುದಕ್ಕೆ ಎರಡು ನಿಮಿಷ ಹಿಡಿಯಿತು. ಒಂದು ಸಾಲನ್ನು ಅದು ಇದ್ದ ಕಡೆಯಿಂದ ಎತ್ತಿ ಇರಬೇಕಾದ ಕಡೆ ಇಟ್ಟೆನು. ಹೆಚ್ಚು ಹೊತ್ತು ಹಿಡಿದುದು ನಿರ್ದೇಶಕರಿಗೆ ಬರೆದ ಕಾಗದ. ‘ಯಂತ್ರದ ದೋಷ’ ಎಂದು ಬರೆದುಕೊಟ್ಟರೆ ಸಾಕೆಂದು ಅಧ್ಯಕ್ಷರು ಉದಾರವಾಗಿ ಸೂಚಿಸಿದರು. ಆ ಎರಡು ಪದಗಳನ್ನು ಬರೆದೂ ಆಗಿದ್ದಿತು. ಆಮೇಲೆ ಮೇಜಿನ ಮೇಲಿದ್ದ ಚೀಟಿಯನ್ನು ನೋಡಿದೆನು. ಹೊಡೆದುಹಾಕಿ, ‘ನನ್ನ ದೋಷ’ ಎಂದು ಬರೆದೆನು. ಯಂತ್ರವು ಹೇಳಿದಷ್ಟನ್ನು ಹೇಳಿದಷ್ಟು ಸಲ ಮಾಡಿದ್ದಿತು, ಹೇಳಿದವನು ನಾನು. ಸಂಘದವರು ನೋಟೀಸನ್ನು ಹಿಂದಕ್ಕೆ ತೆಗೆದುಕೊಂಡು, ಅವರು ತುಂಬಿದ್ದ ಹಣವನ್ನು ಹಿಂದಿರುಗಿಸಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಒಂದು ಸಾಲಿನ ತಪ್ಪೆಂದು ಮರೆಯಬಹುದಾಗಿದ್ದಿತು. ಆದರೆ ಹೊರಡುವಾಗ ಗುಮಾಸ್ತರು ಇನ್ನೊಂದು ಮಾತು ಹೇಳಿದರು: “ಸಂಜೆಯಾದರೆ ಇದಕ್ಕೂ ದಣಿವಾಗುತ್ತದೆ ಸ್ವಾಮಿ, ನಮ್ಮ ಹಾಗೆಯೇ. ಬೆಳಗ್ಗೆ ಚುರುಕಾಗಿರುತ್ತದೆ.” ಈ ಸಲ ನಾನು ನಗಲಿಲ್ಲ. ಬ್ಯಾಗನ್ನು ಕೆಳಗಿಟ್ಟು ಕುಳಿತೆನು.

ಆ ದಣಿವಿನ ಕಾರಣವನ್ನು ಹೇಳಬೇಕಾದರೆ ಯಂತ್ರದ ನೆನಪಿನ ವಿಷಯ ಹೇಳಬೇಕು. ಪ್ರೋಗ್ರಾಂ ನಡೆಯುವಾಗ ಪ್ರತಿಯೊಂದು ವಸ್ತುವೂ ಯಂತ್ರದ ನೆನಪಿನಲ್ಲಿ ಸ್ವಲ್ಪ ಜಾಗವನ್ನು ಹಿಡಿಯುತ್ತದೆ. ಜಾವಾದಂಥ ಭಾಷೆಗಳಲ್ಲಿ, ಬೇಡವಾದ ವಸ್ತುಗಳನ್ನು ಗುಡಿಸಿ ಜಾಗವನ್ನು ತೆರವುಮಾಡುವುದಕ್ಕೆ ಒಬ್ಬ ಗುಡಿಸುವವನಿದ್ದಾನೆ. ಬೇಡವಾದುದೆಂದು ಅವನು ತಿಳಿಯುವುದು ಹೇಗೆ? ಅವನ ನಿಯಮ ಸರಳ: ಬಳಕೆಯಲ್ಲಿರುವ ವಸ್ತುಗಳಿಂದ ಹೊರಟು, ಒಂದು ಇನ್ನೊಂದನ್ನು ಹೆಸರಿಸುವ ದಾರಿಯನ್ನು ಹಿಡಿದು ಹೋದರೆ ಎಲ್ಲೆಲ್ಲಿಗೆ ತಲಪಬಹುದೋ ಅವೆಲ್ಲ ಬೇಕಾದುವು, ಯಾರೂ ಹೆಸರಿಸದೆ ಉಳಿದುವು ಕಸ. ಸದಸ್ಯರ ವಿವರವನ್ನು ತೋರಿಸುವ ಕಿಟಕಿಗಳನ್ನು ನಾನು ಕೇಳಿದಾಗಲೆಲ್ಲ ಹೊಸದಾಗಿ ನಿರ್ಮಿಸುತ್ತಿದ್ದೆನು. ಲೆಕ್ಕ ಬದಲಾದರೆ ತಿಳಿಯಲೆಂದು ಅವುಗಳ ಕೇಳುಗರನ್ನು ಮುಖ್ಯಖಾತೆಯ ಪಟ್ಟಿಯಲ್ಲಿ ಸೇರಿಸುತ್ತಿದ್ದೆನು. ಕಿಟಕಿಯನ್ನು ಮುಚ್ಚಿದರೂ ಹೆಸರು ಪಟ್ಟಿಯಲ್ಲಿಯೇ ಉಳಿಯುತ್ತಿದ್ದಿತು. ಮುಖ್ಯಖಾತೆಯು ದಿನವೆಲ್ಲ ಬಳಕೆಯಲ್ಲಿರುವ ವಸ್ತು. ಅದರ ಪಟ್ಟಿಯಲ್ಲಿ ಕೇಳುಗ. ಕೇಳುಗನ ಕೈಯಲ್ಲಿ ಅವನ ಕಿಟಕಿ. ಕಿಟಕಿಯ ಹೊಟ್ಟೆಯಲ್ಲಿ ಅದರ ಕೋಷ್ಟಕ, ಚಿತ್ರ, ಅಕ್ಷರ ಎಲ್ಲವೂ. ಗುಡಿಸುವವನು ಬಂದು, ಹೆಸರಿರುವುದನ್ನು ನೋಡಿ, ಮುಟ್ಟದೆ ಹೋಗುತ್ತಿದ್ದನು. ಸಂಜೆಯ ಹೊತ್ತಿಗೆ ಇಂಥ ಕಾಣದ ಕಿಟಕಿಗಳು ನೂರಾರು. ಒಂದು ರೂಪಾಯಿ ಜಮೆಯಾದರೆ ಖಾತೆಯು ಅಷ್ಟಕ್ಕೂ ಹೇಳಬೇಕು. ಅವೆಲ್ಲವೂ ಯಾರೂ ನೋಡದ ತಮ್ಮ ಮುಖಗಳನ್ನು ಮತ್ತೆ ಬರೆದುಕೊಳ್ಳಬೇಕು. ದಣಿವಾಗದೆ ಏನಾದೀತು?

ಇದಕ್ಕೆ ನಮ್ಮ ವೃತ್ತಿಯಲ್ಲಿ ನೆನಪಿನ ಸೋರಿಕೆ ಎಂದು ಹೆಸರು. ನನಗೆ ಆ ಹೆಸರು ಒಪ್ಪಿಗೆಯಾಗಿಲ್ಲ. ಸೋರಿದರೆ ಏನೋ ಹೊರಕ್ಕೆ ಹೋಗಬೇಕು. ಇಲ್ಲಿ ಏನೂ ಹೋಗುವುದಿಲ್ಲ. ಇದು ಕೆರೆಯ ಹೂಳು. ಕೆರೆಯ ಏರಿ ಗಟ್ಟಿಯಾಗಿಯೇ ಇರುತ್ತದೆ, ತೂಬು ಸರಿಯಾಗಿಯೇ ಇರುತ್ತದೆ. ಆದರೆ ವರ್ಷ ವರ್ಷವೂ ಬಂದು ತಂಗಿದ ಮಣ್ಣಿನಿಂದ ನೀರು ನಿಲ್ಲುವ ಜಾಗವೇ ಕಿರಿದಾಗುತ್ತದೆ. ಆ ಸಂಘದಲ್ಲಿ ರಾತ್ರಿ ಯಂತ್ರವನ್ನು ಆರಿಸುತ್ತಿದ್ದುದರಿಂದ ದಿನದಿನವೂ ಹೂಳು ತೆಗೆದಂತಾಗಿ, ನನ್ನ ತಪ್ಪು ಮುಚ್ಚಿಹೋಗುತ್ತಿದ್ದಿತು. ಮೊದಲನೆಯ ತಪ್ಪು ಒಬ್ಬರ ಮಾನವನ್ನು ಹಿಡಿದು ಕೂಗಿತು. ಎರಡನೆಯದು ಕೂಗಲೇ ಇಲ್ಲ. ಆದರೆ ಎರಡರ ಬೇರೂ ಒಂದೇ: ಸೇರಿಸುವುದನ್ನು ಕಲಿತವನು ತೆಗೆಯುವುದನ್ನು ಕಲಿಯಲಿಲ್ಲ.

ನಾನೊಬ್ಬನೇ ಇದಕ್ಕೆ ಗುರಿಯಾದವನೆಂದು ಹೇಳಲಾರೆನು. ಸ್ಮಾಲ್‌ಟಾಕ್-೮೦ರಲ್ಲಿಯೇ, ಸಾಮಾನ್ಯ ವಸ್ತುಗಳ ಅವಲಂಬಿಗಳ ಹೆಸರುಗಳನ್ನು ಎಲ್ಲಕ್ಕೂ ಸೇರಿದ ಒಂದು ಹೊತ್ತಗೆಯಲ್ಲಿ ಬರೆದಿಡುತ್ತಿದ್ದರು. ಬಿಡುಗಡೆಯ ಸಂದೇಶವನ್ನು ಕಳುಹಿಸಲು ಮರೆತರೆ ಆ ಹೆಸರುಗಳು ಅಲ್ಲಿಯೇ ನಿಲ್ಲುತ್ತಿದ್ದುವು. ವಿದ್ಯೆ ಹುಟ್ಟಿದ ಮನೆಯಲ್ಲಿಯೇ ಈ ದೋಷವೂ ಹುಟ್ಟಿತೆನ್ನಬೇಕು. ೧೯೯೮ರ ಡಿಸೆಂಬರಿನಲ್ಲಿ ಬಂದ ಜಾವಾದ ೧.೨ ಆವೃತ್ತಿಯು ಇದಕ್ಕೆ ಉಪಾಯವೊಂದನ್ನು ಒದಗಿಸಿತು. ಪಟ್ಟಿಯಲ್ಲಿ ಹೆಸರನ್ನು ಮಸಿಯಿಂದ ಬರೆಯುವ ಬದಲು ಸೀಸದಕಡ್ಡಿಯಿಂದ ಬರೆಯಬಹುದು. ಗುಡಿಸುವವನು ಸೀಸದಕಡ್ಡಿಯ ಬರಹವನ್ನು ಲಕ್ಷಿಸದೆ, ಬೇರೆ ಯಾರೂ ಗಟ್ಟಿಯಾಗಿ ಹಿಡಿದಿಲ್ಲದಿದ್ದರೆ ಆ ವಸ್ತುವನ್ನು ತೆಗೆದುಬಿಡುತ್ತಾನೆ. ಇದನ್ನು ದುರ್ಬಲ ಸೂಚನೆಯೆನ್ನುತ್ತಾರೆ. ಕೆಲವೆಡೆ ಇದು ಒಳ್ಳೆಯದೇ. ಆದರೆ ಗುಡಿಸುವವನು ಯಾವಾಗ ಬರುವನೋ ಅವನಿಗೇ ಗೊತ್ತು. ಬರುವವರೆಗೂ ಸತ್ತ ಕಿಟಕಿಯು ಕೇಳುತ್ತಲೇ ಇರುತ್ತದೆ. ಅದೂ ಅಲ್ಲದೆ, ಬೇರೆ ಯಾರ ಕೈಯಲ್ಲಿಯೂ ಇಲ್ಲದ ಕೇಳುಗನನ್ನು ಸೀಸದಕಡ್ಡಿಯಿಂದ ಬರೆದರೆ, ಕೆಲಸವಿರುವಾಗಲೇ ಅವನು ಮಾಯವಾಗಿಬಿಡಬಹುದು.

ತೆಗೆಯಲು ಹೊರಟವನಿಗೂ ಒಂದು ಬಲೆಯುಂಟು. ಹೆಸರು ತೆಗೆಯಬೇಕಾದರೆ ಸೇರಿಸಿದಾಗ ಕೊಟ್ಟ ಕೇಳುಗನನ್ನೇ ತೋರಿಸಬೇಕು. ಅವನಂತೆಯೇ ಇರುವ ಇನ್ನೊಬ್ಬನನ್ನು ತೋರಿಸಿದರೆ ನಡೆಯುವುದಿಲ್ಲ. ಕೇಳುಗನಿಗೆ ಹೆಸರೇ ಇಡದೆ ಇದ್ದ ಜಾಗದಲ್ಲಿಯೇ ಬರೆದು ಸೇರಿಸುವುದು ನಮ್ಮಲ್ಲಿ ಹಳೆಯ ಚಾಳಿ. ೨೦೧೪ರಲ್ಲಿ ಬಂದ ಜಾವಾದ ಎಂಟನೆಯ ಆವೃತ್ತಿಯು ಲ್ಯಾಂಬ್ಡಾ ಎಂಬ ಸಂಕ್ಷೇಪವಾದ ಬರಹವನ್ನು ಕೊಟ್ಟ ಮೇಲಂತೂ ಅದು ಇನ್ನೂ ಸುಲಭವಾಯಿತು. ಸೇರಿಸುವ ಕಡೆ ಒಂದು ಸಲ, ತೆಗೆಯುವ ಕಡೆ ಇನ್ನೊಂದು ಸಲ ಅದೇ ಅಕ್ಷರಗಳನ್ನು ಬರೆದು, ಕೆಲಸವಾಯಿತೆಂದು ನಂಬುವವರುಂಟು. ಅಕ್ಷರ ಒಂದೇ, ಹುಟ್ಟಿದ ವಸ್ತು ಎರಡು. ತೆಗೆಯುವ ಆಜ್ಞೆಯು ಪಟ್ಟಿಯಲ್ಲಿ ಹುಡುಕಿ, ಕಾಣದೆ, ಒಂದು ಮಾತೂ ಆಡದೆ ಹಿಂದಿರುಗುತ್ತದೆ. ತಪ್ಪೆಂದು ಹೇಳುವುದೂ ಇಲ್ಲ. ಯಾರದೋ ರಾಜೀನಾಮೆಯನ್ನು ಯಾರದೋ ಹೆಸರಿನಲ್ಲಿ ಕೊಟ್ಟು ಬಂದಂತೆ.

ಆ ರಾತ್ರಿ ಸಂಘದ ಕಚೇರಿಯಲ್ಲಿಯೇ ಕುಳಿತು, ಇಡೀ ಪ್ರೋಗ್ರಾಮನ್ನು ಓದಿ, ನನಗಾಗಿ ಕೆಲವು ನೇಮಗಳನ್ನು ಮಾಡಿಕೊಂಡೆನು. ಸೇರಿಸುವ ಒಂದೊಂದು ಸಾಲಿಗೂ ತೆಗೆಯುವ ಸಾಲನ್ನು ಆ ಕ್ಷಣದಲ್ಲಿಯೇ ಬರೆಯತಕ್ಕದ್ದು; ಆಮೇಲೆ ಎಂಬುದು ಬರುವುದಿಲ್ಲ. ನಿರ್ಮಾಣದಲ್ಲಿ ಸೇರಿಸಿದರೆ ನಾಶದಲ್ಲಿ ತೆಗೆಯತಕ್ಕದ್ದು. ತೆರೆಯುವಾಗ ಸೇರಿಸಿದರೆ ಮುಚ್ಚುವಾಗ ತೆಗೆಯತಕ್ಕದ್ದು. ಒಂದು ಮೆಟ್ಟಿಲಲ್ಲಿ ಸೇರಿಸಿ ಇನ್ನೊಂದರಲ್ಲಿ ತೆಗೆಯತಕ್ಕದ್ದಲ್ಲ. ಕೇಳುಗನಿಗೆ ಹೆಸರಿಟ್ಟು ಕೈಯಲ್ಲಿ ಹಿಡಿದಿರತಕ್ಕದ್ದು. ಒಂದು ಕಿಟಕಿಯು ಎಲ್ಲೆಲ್ಲಿ ಹೆಸರು ಬರೆಸಿದೆಯೋ ಅದನ್ನೆಲ್ಲ ಒಂದೇ ಕಟ್ಟಾಗಿ ಕಟ್ಟಿಟ್ಟು, ಮುಚ್ಚುವಾಗ ಕಟ್ಟನ್ನು ಬಿಚ್ಚಿ ಎಲ್ಲ ಕಡೆಯಿಂದಲೂ ತೆಗೆಯತಕ್ಕದ್ದು. ಕೇಳುಗನೂ ಅವನಿಗೆ ಹೇಳುವ ಗುಂಡಿಯೂ ಒಟ್ಟಿಗೇ ಹುಟ್ಟಿ ಒಟ್ಟಿಗೇ ಹೋಗುವವರಾದರೆ ಇಷ್ಟು ಕಟ್ಟುನಿಟ್ಟು ಬೇಕಾಗಿಲ್ಲ. ಹೇಳುವವನು ದೀರ್ಘಾಯುಷಿ, ಕೇಳುವವನು ಅಲ್ಪಾಯುಷಿ ಆಗಿರುವಲ್ಲಿಯೇ ಅಪಾಯ. ಎಲ್ಲಕ್ಕಿಂತ ಮೇಲಾಗಿ, ಹೆಸರು ತೆಗೆಯುವ ಹೊಣೆ ಪಟ್ಟಿಯದಲ್ಲ, ಸೇರಿಸಿದವನದು. ಪಟ್ಟಿಗೆ ತನ್ನಲ್ಲಿರುವವರ ಸುಖದುಃಖ ತಿಳಿಯದು.

ಇಪ್ಪತ್ತು ವರ್ಷಗಳಲ್ಲಿ ಭಾಷೆಗಳು ಬದಲಾದುವು, ಪರದೆ ಕೈಯೊಳಗೆ ಬಂದಿತು. ಈ ನೇಮಗಳು ಮಾತ್ರ ನನಗೆ ಬದಲಾಗಿಲ್ಲ. ಹುಡುಗರಿಗೆ ಪಾಠ ಹೇಳುವಾಗ ಅವರು, “ಇಷ್ಟು ಸಣ್ಣದಕ್ಕೆ ಇಷ್ಟೇಕೆ ಸಾರ್?” ಎಂದು ಕೇಳುತ್ತಾರೆ. ಅವರಿಗೆ ಮೇಜಿನೊಳಗಿನ ಚೀಟಿಯನ್ನು ತೋರಿಸುತ್ತೇನೆ. ಗುಮಾಸ್ತರನ್ನು ಅಂದು ಕೇಳಿ ಪಡೆದುಕೊಂಡು ಬಂದೆನು. ನೂರಾರು ಕೇಳುಗರನ್ನು ನಿರ್ಮಿಸಿ ಸಾಲಾಗಿ ನಿಲ್ಲಿಸಿದ ನಾನು, ಟೆಲಿಫೋನಿನಲ್ಲಿ ಒಬ್ಬ ಮನುಷ್ಯನು ಹೇಳಿದ ಒಂದು ವಾಕ್ಯವನ್ನು ಕೇಳಲಿಲ್ಲ. ಆ ವಾಕ್ಯದಲ್ಲಿ ದೋಷದ ಸ್ಥಳವೂ ಕಾರಣವೂ ಇದ್ದುವು. ಪ್ರೋಗ್ರಾಮಿನ ತಪ್ಪನ್ನು ಒಂದು ಸಾಲಿನಿಂದ ತಿದ್ದಿದೆನು. ಈ ತಪ್ಪಿಗೆ ಅಂಥ ಸಾಲು ಯಾವುದೂ ನನಗೆ ದೊರೆಯಲಿಲ್ಲ. ಯಾರು ಮಾತನಾಡಿದರೂ ಪೂರ್ತಿ ಕೇಳಬೇಕೆಂದು ದಿನದಿನವೂ ನೆನಪುಮಾಡಿಕೊಳ್ಳಬೇಕಾಗಿದೆ.

ಹಿಂದಿರುಗಿ ಬ��ದ ಪತ್ರಿಕೆಯ ಮಾತಿಗೆ ಬರೋಣ. ಇನ್ನು ಮುಂದೆ ಆಜೀವ ಚಂದಾದಾರರಿಗೆ ವರ್ಷಕ್ಕೊಮ್ಮೆ ಒಂದು ಜವಾಬಿನ ಕಾರ್ಡು ಕಳುಹಿಸಿ ಯೋಗಕ್ಷೇಮ ವಿಚಾರಿಸುವುದೆಂದು ಸಂಪಾದಕರೂ ನಾನೂ ನಿಶ್ಚಯಿಸಿದ್ದೇವೆ. ಆ ಮಹನೀಯರ ಹೆಸರನ್ನು ಪಟ್ಟಿಯಿಂದ ಹೊಡೆಯಲು ಸಂಪಾದಕರು ಹಿಂದೆಗೆದರು. ಪತ್ರಿಕೆಯ ಮೊದಲ ದಿನಗಳ ಬೆಂಬಲಿಗರು. ಹೊಡೆದರೆ ಅಗೌರವವಾದೀತೆಂಬುದು ಅವರ ಅಳುಕು. ಬೀಗ ಹಾಕಿದ ಮನೆಯಲ್ಲಿ ಇಪ್ಪತ್ತನಾಲ್ಕು ಪ್ರತಿಗಳು ಧೂಳು ಹಿಡಿಯುವುದು ಅದಕ್ಕಿಂತ ಹೆಚ್ಚಿನ ಅಗೌರವವಲ್ಲವೆ ಎಂದು ನಾನು ಕೇಳಿದೆನು. ಅವರು ತಲೆಯಾಡಿಸಿ, ಲೇಖನಿಯನ್ನು ನನ್ನ ಕೈಗೆ ಕೊಟ್ಟರು. ಹೆಸರಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದೆನು. ಈ ಸಂಚಿಕೆಯು ಆ ಮನೆಗೆ ಹೋಗುವುದಿಲ್ಲ.